ಹೇಝಲ್‌ನಟ್ ಬ್ರಿಟಲ್ ಮರುದಿನವೇ ನೀರಾಗೋದು ಯಾಕೆ, ಕೇಕು ಐಸ್‌ಕ್ರೀಮ್‌ಗೆ ಅದನ್ನ ಹೇಗೆ ಹಾಕ್ಬೇಕು?

ಪ್ರಶ್ನೆ: ಸರ್, ನಾನು ಮಂಗಳೂರಿನಲ್ಲಿ ಮನೆಯಿಂದಲೇ ಕೇಕ್ ಆರ್ಡರ್ ತೆಗೊಂಡು ಮಾಡಿ ಕೊಡ್ತೇನೆ. ಕಳೆದ ತಿಂಗಳು ಒಂದು ಚಾಕ್ಲೇಟ್ ಮೂಸ್ ಕೇಕಿಗೆ ಹೇಝಲ್‌ನಟ್ ಬ್ರಿಟಲ್, ಅಂದ್ರೆ ಸಕ್ಕರೆ ಪಾಕದಲ್ಲಿ ಬೀಜ ಹಾಕಿದ ಚಿಕ್ಕಿ ಥರದ ಗಟ್ಟಿ ಮಿಠಾಯಿ ಮಾಡಿ, ಪುಡಿ ಮಾಡಿ ಮಧ್ಯದ ಲೇಯರಿಗೆ ಹಾಕಿದ್ದೆ. ಆ ದಿನ ತಿಂದು ನೋಡುವಾಗ ಒಳ್ಳೆ ಕುರುಕುರು ಇತ್ತು, ಮರುದಿನ ಕಟ್ ಮಾಡುವಾಗ ನೋಡಿದ್ರೆ ಕಂದು ಬಣ್ಣದ ನೀರು ಮಾತ್ರ ಉಂಟು. ಡಬ್ಬದಲ್ಲಿ ಉಳಿದದ್ದು ಕೂಡ ಅಂಟಿ ಒಂದೇ ಮುದ್ದೆ ಆಗಿತ್ತು. ಮತ್ತೆ ಒಂದು ರೆಸಿಪಿಯಲ್ಲಿ ಪ್ರಲೀನ್ ಅಂತಾರೆ, ಒಂದರಲ್ಲಿ ಕ್ರೊಕ್ಕಾಂತೆ, ಇನ್ನೊಂದರಲ್ಲಿ ನುಗಟೀನ್, ಇದೆಲ್ಲ ಒಂದೆಯಾ? ಹೇಝಲ್‌ನಟ್‌ಗೆ ರೇಟ್ ಸಹ ಜಾಸ್ತಿ, ಅದರ ಬದಲು ನೆಲಕಡಲೆ ಚಿಕ್ಕಿ ಅಥವಾ ಗೇರುಬೀಜ ಹಾಕಿದ್ರೆ ಆಗ್ತದಾ?

ಉತ್ತರ:

ಮೇಡಂ, ನಿಮ್ಮ ಬ್ರಿಟಲ್ ಚೆನ್ನಾಗೇ ಬಂದಿತ್ತು, ಮೊದಲ ದಿನ ಕುರುಕುರು ಅಂತ ಇತ್ತಲ್ಲ, ಅಷ್ಟು ಸಾಕು ಪಾಕ ಸರಿಯಾಗಿತ್ತು ಅನ್ನೋಕೆ. ಅದನ್ನ ಪುಡಿ ಮಾಡಿ ಯಾವ ರಕ್ಷಣೆನೂ ಇಲ್ದೆ ಮೂಸ್ ಒಳಗೆ ಇಟ್ರಲ್ಲ, ಎಡವಟ್ಟಾಗಿದ್ದು ಅಲ್ಲಿ. ಬ್ರಿಟಲ್ ಮಾಡೋದನ್ನ ಎಲ್ರೂ ಹೇಳ್ಕೊಡ್ತಾರೆ, ಆದ್ರೆ ಅದು ನೀರನ್ನ ಎಲ್ಲಿ ಮುಟ್ಟತ್ತೆ, ಎಷ್ಟು ಹೊತ್ತು ಮುಟ್ಟತ್ತೆ ಅಂತ ಯಾರೂ ಹೇಳಲ್ಲ, ನಂಗೆ ಈ ಪದಾರ್ಥದ ಬಗ್ಗೆ ಮುಖ್ಯ ಅನ್ನಿಸೋದೇ ಅದು.

ಸಕ್ಕರೆ ಪಾಕ ಕುದೀತಾ ಕುದೀತಾ 150 ಡಿಗ್ರಿ ಸೆಲ್ಸಿಯಸ್ ಹತ್ರ ಬಂದಾಗ ಅದರಲ್ಲಿ ನೀರು ನೂರಕ್ಕೆ ಒಂದೆರಡು ಭಾಗ ಉಳಿದ್ರೆ ಹೆಚ್ಚು. ಅದು ಬೇಗ ತಣ್ಣಗಾದಾಗ ಸಕ್ಕರೆಗೆ ಮತ್ತೆ ಹರಳಾಗೋಕೆ ಟೈಮ್ ಸಿಗಲ್ಲ, ಹಾಗೇ ಗಾಜಾಗಿ ನಿಂತುಬಿಡತ್ತೆ, ವಿಜ್ಞಾನದವರೂ ಇದನ್ನ ಗಾಜು ಅಂತಲೇ ಕರೀತಾರೆ. ಒಣಗಿದ ಸಕ್ಕರೆ ಗಾಜು ಮೆತ್ತಗಾಗೋಕೆ ಸುಮಾರು 60ರಿಂದ 70 ಡಿಗ್ರಿ ಬಿಸಿ ಬೇಕು, ಹಾಗಾಗಿ ರೂಮ್ ಟೆಂಪರೇಚರ್‌ನಲ್ಲಿ ಟಕ್ ಅಂತ ಮುರಿಯತ್ತೆ. ಆದ್ರೆ ನೂರಕ್ಕೆ ನಾಲ್ಕೈದು ಭಾಗ ನೀರು ಸೇರಿದ್ರೂ ಸಾಕು, ಆ ಮೆತ್ತಗಾಗೋ ಉಷ್ಣತೆ ಇಳಿದು ಇಳಿದು ನಿಮ್ಮ ಅಡುಗೆಮನೆಯ ಸೆಖೆಯ ಮಟ್ಟಕ್ಕೇ ಬಂದುಬಿಡತ್ತೆ, ಆಗ ಗಾಜು ಅಂಟಾಗತ್ತೆ, ಅಂಟು ನಿಧಾನಕ್ಕೆ ಪಾಕ ಆಗತ್ತೆ. ಜುಲೈ ತಿಂಗಳ ಮಂಗಳೂರಲ್ಲಿ ಗಾಳಿಯ ತೇವಾಂಶ ಎಷ್ಟೋ ದಿನ 85-90 ಪರ್ಸೆಂಟ್ ದಾಟಿರತ್ತೆ, ಹುರಿದ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಗೋ ಹಾಗೆ ಇದೂ ಮೆತ್ತಗಾಗತ್ತೆ, ಡಬ್ಬದ ಮುಚ್ಚಳ ತೆಗೆದು ಹಾಕಿ ಮಾಡಿದಷ್ಟೂ ಇನ್ನೂ ಬೇಗ. ಇನ್ನು ಮೂಸ್ ಅಂದ್ರೆ ಕ್ರೀಮು, ಅಂದ್ರೆ ಅರ್ಧಕ್ಕಿಂತ ಹೆಚ್ಚು ನೀರೇ, ಅದರ ಮಧ್ಯೆ ಪುಡಿ ಇಟ್ರೆ ಒಂದು ರಾತ್ರಿ ಸಾಕು. ತುಂಡಿಗಿಂತ ಪುಡಿಯ ಮೈ ಎಷ್ಟೋ ಪಟ್ಟು ದೊಡ್ಡದು, ಹಾಗಾಗಿ ನೀವು ನುಣ್ಣಗೆ ಮಾಡಿದಷ್ಟೂ ಅದು ಬೇಗ ಕರಗತ್ತೆ.

ಈಗ ಹೆಸರುಗಳ ವಿಷಯ, ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ರೆಸಿಪಿ ಓದೋವಾಗ ಗೊಂದಲ ಆಗದೇ ಇದ್ರೆ ಅಷ್ಟೇ ಸಾಕು. ಇಟಲಿಯಲ್ಲಿ ಕ್ಯಾರಮೆಲ್‌ನಲ್ಲಿ ಇಡೀ ಅಥವಾ ಕತ್ತರಿಸಿದ ಹೇಝಲ್‌ನಟ್, ಬಾದಾಮಿ ಹಾಕಿ ಹಾಳೆ ಥರ ಹರಡಿ ಮುರಿಯೋದು ಕ್ರೊಕ್ಕಾಂತೆ. ಜರ್ಮನಿಯಲ್ಲಿ ಅದನ್ನೇ ಸಣ್ಣಗೆ ಚೂರು ಮಾಡಿ ಕೇಕಿಗೆ ಹಚ್ಚೋಕೆ ಇಟ್ಕೋತಾರೆ, ಅದು ಕ್ರೊಕಾಂಟ್. ಫ್ರಾನ್ಸ್‌ನ ನುಗಟೀನ್ ಅಂದ್ರೆ ತೆಳ್ಳಗಿನ ಬಾದಾಮಿ ಚೂರು ಹಾಕಿದ ಕ್ಯಾರಮೆಲ್, ಬಿಸಿ ಇರೋವಾಗಲೇ ಲಟ್ಟಿಸಿ ಬಟ್ಟಲು, ಪೀಠ ಎಲ್ಲ ಮಾಡ್ತಾರೆ. ಪ್ರಲೀನ್ ಮಾತ್ರ ಊರಿಗೊಂದು ಥರ. ಫ್ರಾನ್ಸ್‌ನ ಮೊಂತಾರ್ಜಿಯಲ್ಲಿ 17ನೇ ಶತಮಾನದಿಂದ ಅದು ಸಕ್ಕರೆ ಹೊದ್ದ ಇಡೀ ಬಾದಾಮಿ, ಬೆಲ್ಜಿಯಂನಲ್ಲಿ ಕೇಳಿದ್ರೆ ಒಳಗೆ ಫಿಲ್ಲಿಂಗ್ ಇರೋ ಚಾಕ್ಲೇಟ್ ಕೊಡ್ತಾರೆ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪೀಕನ್ ಮತ್ತೆ ಕ್ರೀಮ್ ಹಾಕಿದ ಮೆತ್ತನೆ ಮಿಠಾಯಿ. ಆದ್ರೆ ಕೇಕ್ ರೆಸಿಪಿಯಲ್ಲಿ ಪ್ರಲೀನ್ ಪೇಸ್ಟ್ ಅಂತ ಇದ್ರೆ ಅದು ಕ್ಯಾರಮೆಲ್ ಮಾಡಿದ ಹೇಝಲ್‌ನಟ್ಟನ್ನ, ಕೆಲವು ಸಲ ಬಾದಾಮಿ ಜೊತೆ ಸೇರಿಸಿ, ಎಣ್ಣೆ ಬಿಡೋ ತನಕ ಅರೆದದ್ದು. ನಿಮ್ಮ ಸಮಸ್ಯೆಗೆ ಉತ್ತರ ಇರೋದೇ ಈ ಪೇಸ್ಟ್‌ನಲ್ಲಿ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಹೇಝಲ್‌ನಟ್ ಬಗ್ಗೆ. ಪ್ರಪಂಚದ ಒಟ್ಟು ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಕಿಯ ಕಪ್ಪು ಸಮುದ್ರದ ದಂಡೆಯಲ್ಲಿ, ಗಿರೆಸುನ್, ಒರ್ದು ಆ ಕಡೆ ಬೆಳೆಯತ್ತೆ. ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಲಾಂಗೆ ಬೆಟ್ಟಗಳಲ್ಲಿ ಬೆಳೆಯೋ ದುಂಡನೆ ತಳಿಗೆ ಮಿಠಾಯಿಯವರಲ್ಲಿ ತುಂಬಾ ಬೆಲೆ, ಯಾಕಂದ್ರೆ ಹುರಿದ್ಮೇಲೆ ಸಿಪ್ಪೆ ಸುಲಭವಾಗಿ ಬಿಡತ್ತೆ, ಪರಿಮಳನೂ ಗಾಢ. ಆ ಊರವರಿಗೆ ಚಾಕ್ಲೇಟ್‌ಗೆ ಹೇಝಲ್‌ನಟ್ ಸೇರಿಸೋದು ಹಳೇ ಅಭ್ಯಾಸ, ಅದೇ ಜಾಂದುಯಾ, ಟುರಿನ್‌ನಲ್ಲಿ 1865ರಲ್ಲಿ ಅದನ್ನ ದೋಣಿ ಆಕಾರದ ಸಣ್ಣ ಸಣ್ಣ ಚಾಕ್ಲೇಟ್ ಮಾಡಿ ಕಾಗದ ಸುತ್ತಿ ಕೊಡೋಕೆ ಶುರು ಮಾಡಿದ್ರು. ಈ ಬೀಜದಲ್ಲಿ ನೂರಕ್ಕೆ 60 ಭಾಗದಷ್ಟು ಎಣ್ಣೆನೇ ಇರತ್ತೆ, ಮತ್ತೆ ಅದರದ್ದೇ ಆದ ಒಂದು ಪರಿಮಳ ಇದೆ, ಫಿಲ್ಬರ್ಟೋನ್ ಅನ್ನೋ ಸಂಯುಕ್ತ, ಹುರಿದಾಗ ಅದು ಚೆನ್ನಾಗಿ ಏಳತ್ತೆ. ಹಾಗಾಗಿ ಹಸಿ ಹೇಝಲ್‌ನಟ್ ಹಾಕಿ ಬ್ರಿಟಲ್ ಮಾಡೋದು ಅಷ್ಟು ದುಡ್ಡು ಕೊಟ್ಟು ತಂದ ಪದಾರ್ಥನ ಹಾಳು ಮಾಡಿದ ಹಾಗೆ ಅನ್ಸತ್ತೆ ನಂಗೆ. 150 ಡಿಗ್ರಿ ಓವನ್‌ನಲ್ಲಿ 15ರಿಂದ 20 ನಿಮಿಷ ಹುರೀರಿ, ಒಂದನ್ನ ಅರ್ಧಕ್ಕೆ ಕಟ್ ಮಾಡಿ ನೋಡಿ, ಒಳಗೂ ತೆಳು ಹೊಂಬಣ್ಣ ಬಂದಿರ್ಬೇಕು, ಹೊರಗೆ ಮಾತ್ರ ಬಣ್ಣ ಬಂದು ಒಳಗೆ ಬೆಳ್ಳಗಿದ್ರೆ ಇನ್ನೂ ಬೇಕು. ಬಿಸಿ ಇರೋವಾಗಲೇ ಕಾಟನ್ ಬಟ್ಟೆಯಲ್ಲಿ ಕಟ್ಟಿ ತಿಕ್ಕಿ, ಸಿಪ್ಪೆ ಮುಕ್ಕಾಲು ಪಾಲು ಹೋದ್ರೆ ಸಾಕು, ಉಳಿದ ಚೂರುಪಾರು ಒಗರು ಕ್ಯಾರಮೆಲ್‌ನ ಸಿಹಿಗೆ ಒಳ್ಳೇದೇ. ತರೋವಾಗ ಮೂಗಿಗೆ ಹಿಡಿದು ನೋಡಿ ತನ್ನಿ, ಇಷ್ಟು ಎಣ್ಣೆ ಇರೋ ಬೀಜ ಬೇಗ ಕನರತ್ತೆ, ಹಳೇ ಎಣ್ಣೆ ಇಲ್ಲ ಪೇಂಟ್ ವಾಸನೆ ಬಂದ್ರೆ ಯಾವ ಕ್ಯಾರಮೆಲ್ಲೂ ಅದನ್ನ ಮುಚ್ಚಲ್ಲ.

ಪಾಕಕ್ಕೆ ನಾನು ಹೇಳೋ ಅಳತೆ 200 ಗ್ರಾಂ ಹುರಿದ ಹೇಝಲ್‌ನಟ್‌ಗೆ 140 ಗ್ರಾಂ ಸಕ್ಕರೆ, 40 ಎಂಎಲ್ ನೀರು, ಒಂದು ಚಿಟಿಕೆ ಉಪ್ಪು. ಸಕ್ಕರೆ ನೀರು ಕುದ್ದು 118 ಡಿಗ್ರಿ ಬಂದಾಗ ಇನ್ನೂ ಬೆಚ್ಚಗಿರೋ ಬೀಜಗಳನ್ನ ಹಾಕಿ ಕೈಬಿಡದೆ ಕಲಕ್ತಾ ಇರಿ, ಒಂದೆರಡು ನಿಮಿಷದಲ್ಲಿ ಸಕ್ಕರೆ ಮರಳಾಗಿ ಬೀಜಕ್ಕೆ ಬೆಳ್ಳಗೆ ಮೆತ್ಕೊಳತ್ತೆ, ಕೆಟ್ಟೋಯ್ತು ಅಂತ ತುಂಬಾ ಜನ ಇಲ್ಲೇ ಗ್ಯಾಸ್ ಆಫ್ ಮಾಡಿಬಿಡ್ತಾರೆ, ಮಾಡ್ಬೇಡಿ, ಹಾಗೇ ಆಗ್ಬೇಕು. ಉರಿ ಸಣ್ಣಗಿಟ್ಟು ಕಲಕ್ತಾ ಹೋದ್ರೆ ಆ ಮರಳು ಮತ್ತೆ ಕರಗಿ ಬೀಜದ ಸುತ್ತ ಕ್ಯಾರಮೆಲ್ ಆಗತ್ತೆ, ಗಾಢ ಜೇನಿನ ಬಣ್ಣ ಬಂದಾಗ, ಅಂದ್ರೆ ಥರ್ಮಾಮೀಟರ್ ಇದ್ರೆ 170-175ರಲ್ಲಿ, ತೆಗೆದು ಹರಡ್ಬಿಡಿ. ಬಣ್ಣ ತೆಳುವಾಗಿದ್ರೆ ಬರೀ ಸಿಹಿ, 190 ಹತ್ರ ಹೋದ್ರೆ ಕಹಿ. ಬೀಜ ತಣ್ಣಗಿದ್ರೆ ಪಾಕದ ಬಿಸಿ ತಟ್ಟನೆ ಇಳಿದು ಗಂಟಾಗತ್ತೆ, ಅದಕ್ಕೇ ಬೆಚ್ಚಗಿರ್ಲಿ ಅಂದಿದ್ದು. ಇನ್ನೊಂದು ಸಣ್ಣ ವಿಷಯ, ನಮ್ಮ ಅಂಗಡಿಗಳಲ್ಲಿ ಬಟರ್ ಪೇಪರ್ ಅಂತ ಕೊಡೋ ತೆಳು ಹಾಳೆ ಮೇಲೆ ಕ್ಯಾರಮೆಲ್ ಸುರಿದ್ರೆ ಅದು ಕಚ್ಕೊಂಡುಬಿಡತ್ತೆ, ಸಿಲಿಕಾನ್ ಮ್ಯಾಟ್ ಇಲ್ಲಾ ಎಣ್ಣೆ ಸವರಿದ ಗ್ರಾನೈಟ್ ಕಟ್ಟೆ ಬಳಸಿ.

ತುಂಬಾ ರೆಸಿಪಿಗಳಲ್ಲಿ ಕೊನೆಗೆ ಅಡುಗೆ ಸೋಡಾ ಹಾಕ್ತಾರೆ, ಒಳಗೆ ಗುಳ್ಳೆ ಎದ್ದು ಕಚ್ಚೋಕೆ ಹಗುರ ಆಗ್ಲಿ ಅಂತ. ಒಣ ಹವೆಯ ಊರಲ್ಲಿ ಚೆನ್ನಾಗಿರತ್ತೆ, ಆದ್ರೆ ಗುಳ್ಳೆ ಅಂದ್ರೆ ಒಳಗೂ ಮೈ ಜಾಸ್ತಿ, ತೇವ ಇನ್ನೂ ಬೇಗ ಎಳ್ಕೊಳತ್ತೆ, ಹಾಗಾಗಿ ಮಳೆಗಾಲ ಮುಗಿಯೋ ತನಕ ಸೋಡಾ ಬೇಡ. ನಿಂಬೆರಸನೂ ಅಷ್ಟೇ. ಪಾಕ ಹರಳಾಗದೇ ಇರ್ಲಿ ಅಂತ ಹಾಕೋ ನಿಂಬೆರಸ ಸಕ್ಕರೆಯನ್ನ ಒಡೆದು ಗ್ಲೂಕೋಸ್ ಮತ್ತೆ ಫ್ರಕ್ಟೋಸ್ ಮಾಡತ್ತೆ, ಈ ಫ್ರಕ್ಟೋಸ್ ಗಾಳಿಯ ತೇವನ ಸಿಕ್ಕಾಪಟ್ಟೆ ಎಳೆಯೋ ಸ್ವಭಾವದ್ದು. ಹಾಳೆ ಥರ ತೆಳ್ಳಗೆ ಹರಡೋ ಬ್ರಿಟಲ್ ಬೇಕಿದ್ರೆ ನಿಂಬೆ ಬಿಟ್ಟು ಸಕ್ಕರೆಯ ಹತ್ತನೇ ಒಂದು ಭಾಗ ಲಿಕ್ವಿಡ್ ಗ್ಲೂಕೋಸ್ ಹಾಕಿ, ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗತ್ತೆ, ಹರಳಾಗೋದನ್ನೂ ತಡೆಯತ್ತೆ, ನಿಂಬೆಯಷ್ಟು ಅಂಟೂ ತರಲ್ಲ. ಅಲಂಕಾರಕ್ಕೆ ಅಂತ ಕೇಕಿನ ಮೇಲೆ ನಿಲ್ಲಿಸೋ ಚೂಪು ತುಂಡುಗಳಿಗೆ ಮಾತ್ರ ಐಸೊಮಾಲ್ಟ್ ಅನ್ನೋ ಸಕ್ಕರೆ ಬದಲಿ ಬಳಸಿದ್ರೂ ತಪ್ಪಿಲ್ಲ, ಅದು ತೇವ ತುಂಬಾ ಕಮ್ಮಿ ಎಳೆಯತ್ತೆ, ಆದ್ರೆ ಸಿಹಿ ಸಕ್ಕರೆಯ ಅರ್ಧದಷ್ಟು ಮಾತ್ರ, ಕ್ಯಾರಮೆಲ್ ರುಚಿ ಬರೋದೇ ಇಲ್ಲ, ತಿನ್ನೋ ಭಾಗಕ್ಕೆ ನಾನು ಅದನ್ನ ಹಾಕಲ್ಲ.

ಆದ ಬ್ರಿಟಲ್ಲನ್ನ ತಣ್ಣಗಾದ್ಮೇಲೆ ರಾತ್ರಿಯೆಲ್ಲ ಹೊರಗೆ ಬಿಡ್ಬೇಡಿ. ಕೈಗೆ ಬೆಚ್ಚಗೆ ತಾಗೋ ಹೊತ್ತಿಗೆ ಮುರಿದು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ಆಹಾರದ ಡಬ್ಬದಲ್ಲಿ ಇಡೋಕೆ ಅಂತಲೇ ಸಿಗೋ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ (ತಿನ್ನೋದಲ್ಲ) ಒಂದೆರಡು ಒಳಗಿಡಿ, ದೊಡ್ಡದೊಂದು ಡಬ್ಬದ ಬದಲು ಸಣ್ಣ ಸಣ್ಣ ನಾಲ್ಕು ಡಬ್ಬ ಮಾಡಿದ್ರೆ ಒಂದನ್ನ ತೆಗೆದಾಗ ಉಳಿದ ಮೂರಕ್ಕೆ ಗಾಳಿ ತಾಗಲ್ಲ. ಎಸಿ ರೂಮ್ ಇದ್ರೆ ಕ್ಯಾರಮೆಲ್ ಕೆಲಸ ಅಲ್ಲಿಟ್ಕೊಳಿ, ಎಸಿ ಗಾಳಿಯ ತೇವನೂ ತೆಗೆಯತ್ತೆ. ಫ್ರೀಜರ್‌ನಲ್ಲಿ ಇಡಬಹುದು, ಆದ್ರೆ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೀಬಾರದು, ಡಬ್ಬ ಪೂರ್ತಿ ರೂಮಿನ ಉಷ್ಣತೆಗೆ ಬರೋ ತನಕ ಕಾಯಿರಿ, ಇಲ್ಲಾಂದ್ರೆ ತಣ್ಣಗಿರೋ ತುಂಡಿನ ಮೇಲೆ ನೀರು ಕೂತು ನಿಮ್ಮ ಕಷ್ಟ ಎಲ್ಲ ದಂಡ.

ಈಗ ಕೇಕಿನ ಒಳಗೆ ಹೇಗೆ ಕುರುಕುರು ಉಳಿಸೋದು ಅನ್ನೋದಕ್ಕೆ ಬರೋಣ, ನಿಮ್ಮ ಪ್ರಶ್ನೆಯ ಜೀವಾಳ ಇದೇ. ಸಕ್ಕರೆ ಎಣ್ಣೆಯಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗಲ್ಲ. ಹಾಗಾಗಿ ಬ್ರಿಟಲ್‌ಗೂ ಕ್ರೀಮಿಗೂ ಮಧ್ಯೆ ಒಂದು ಕೊಬ್ಬಿನ ಪದರ ಇದ್ರೆ ನೀರು ಅದನ್ನ ಮುಟ್ಟೋಕಾಗಲ್ಲ. ಸುಲಭದ್ದು ಅಂದ್ರೆ ಪುಡಿ ಮಾಡದೆ ಕಡಲೆಬೇಳೆ ಗಾತ್ರದ ಚೂರು ಮಾಡಿ, ಜರಡಿಯಲ್ಲಿ ಹಾಕಿ ಪುಡಿಯನ್ನ ಬೇರೆ ಮಾಡಿ, ಚೂರುಗಳ ತೂಕದ ಹತ್ತನೇ ಒಂದು ಭಾಗದಷ್ಟು ಕರಗಿಸಿದ ಕೋಕೋ ಬಟರ್ (ಕೋಕೋ ಬೀಜದ ಕೊಬ್ಬು) ಇಲ್ಲಾ ಸ್ವಲ್ಪ ಹೆಚ್ಚು ಚಾಕ್ಲೇಟ್ ಹಾಕಿ ಪ್ರತಿ ಚೂರಿಗೂ ತಾಗೋ ಹಾಗೆ ಕಲಸಿ, ಹರಡಿ ಫ್ರಿಜ್‌ನಲ್ಲಿ ಗಟ್ಟಿ ಮಾಡ್ಕೊಳಿ. ಜರಡಿಯಿಂದ ಬಿದ್ದ ಪುಡಿ ಎಸೀಬೇಡಿ, ಅದರ ಕೆಲಸ ಮುಂದೆ ಹೇಳ್ತೀನಿ.

ಇದಕ್ಕಿಂತ ಗಟ್ಟಿ ದಾರಿ ಪ್ರಲೀನ್ ಪೇಸ್ಟ್. ಕ್ಯಾರಮೆಲ್ ಆದ ಬೀಜ ಪೂರ್ತಿ ತಣ್ಣಗಾದ ಕೂಡ್ಲೇ ಮಿಕ್ಸಿಗೆ ಹಾಕಿ ಬಿಟ್ಟು ಬಿಟ್ಟು ತಿರುಗಿಸಿ. ಮೊದಲು ಪುಡಿ ಆಗತ್ತೆ, ಆಮೇಲೆ ಉದುರು ಮುದ್ದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಎಣ್ಣೆ ಬಿಟ್ಟು ಹರಿಯೋ ಪೇಸ್ಟ್. ಜಾರ್ ಬಿಸಿ ಆದ್ರೆ ನಿಲ್ಸಿ, ಆರಿಸಿ ಮತ್ತೆ ತಿರುಗಿಸಿ. ತೆಳ್ಳಗಾಗ್ಲಿ ಅಂತ ನೀರೋ ಹಾಲೋ ಒಂದು ಚಮಚನೂ ಹಾಕ್ಬೇಡಿ, ಅಲ್ಲೇ ಗಟ್ಟಿಯಾಗಿ ಮುದ್ದೆ ಆಗತ್ತೆ, ಬೇಕಿದ್ರೆ ವಾಸನೆ ಇಲ್ಲದ ಎಣ್ಣೆ ಒಂದು ಚಮಚ ಸಾಕು. ಈ ಪೇಸ್ಟ್‌ನಲ್ಲಿ ಸಕ್ಕರೆಯ ಪ್ರತಿ ಕಣನೂ ಹೇಝಲ್‌ನಟ್ ಎಣ್ಣೆಯೊಳಗೇ ಮುಳುಗಿರತ್ತೆ, ಅದಕ್ಕೇ ಅದು ಅಷ್ಟು ದಿನ ಬಾಳತ್ತೆ. ಫ್ರೆಂಚ್ ಪೇಸ್ಟ್ರಿಯವರು ಕುರುಕು ಲೇಯರ್ ಮಾಡೋದು ಇದರಿಂದಲೇ: 100 ಗ್ರಾಂ ಪೇಸ್ಟ್‌ಗೆ 40 ಗ್ರಾಂ ಕರಗಿಸಿದ ಮಿಲ್ಕ್ ಚಾಕ್ಲೇಟ್, 60 ಗ್ರಾಂ ಫೊಯಟೀನ್ (feuilletine), ಅಂದ್ರೆ ಬ್ರಿಟನಿ ಕಡೆಯ ಕಾಗದದಷ್ಟು ತೆಳು ಬಿಸ್ಕತ್ತಿನ ಚೂರು, ಸಿಗದಿದ್ರೆ ಐಸ್‌ಕ್ರೀಮ್ ಕೋನ್ ಪುಡಿ ಮಾಡಿ ಹಾಕಿ, ಜೊತೆಗೆ ಒಂದು ಮುಷ್ಟಿ ಕೋಕೋ ಬಟರ್ ಹಚ್ಚಿದ ಬ್ರಿಟಲ್ ಚೂರು. ಕಲಸಿ, ಕೇಕ್ ರಿಂಗ್‌ನಲ್ಲಿ ಅರ್ಧ ಸೆಂಟಿಮೀಟರ್ ದಪ್ಪ ಒತ್ತಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಆಮೇಲೆ ಮೂಸ್ ಸುರೀರಿ. ಫ್ರಿಜ್‌ನಲ್ಲಿ ಎರಡು ಮೂರು ದಿನ ಆದ್ರೂ ಚಾಕು ಇಟ್ರೆ ಆ ಪದರದಲ್ಲಿ ಸದ್ದು ಬರತ್ತೆ. ನಿಮ್ಮ ಮೂಸ್ ಕೇಕಿಗೆ ನಾನಾದ್ರೆ ಬೇರೆ ಏನೂ ಯೋಚನೆ ಮಾಡದೆ ಇದನ್ನೇ ಹಾಕ್ತೀನಿ.

ಪ್ಯಾರಿಸ್-ಬ್ರೆಸ್ಟ್ ಅನ್ನೋ ಪೇಸ್ಟ್ರಿನ ನೋಡಿ, 1910ರಲ್ಲಿ ಲೂಯಿ ಡ್ಯುರಾಂ ಅನ್ನೋ ಪೇಸ್ಟ್ರಿ ಶೆಫ್ ಆ ಹೆಸರಿನ ಸೈಕಲ್ ರೇಸ್ ನೆನಪಿಗೆ ಚಕ್ರದ ಆಕಾರದಲ್ಲಿ ಮಾಡಿದ್ದು, ಅದರೊಳಗಿನ ಕ್ರೀಮಿಗೆ ರುಚಿ ಬರೋದು ಈ ಪ್ರಲೀನ್‌ನಿಂದಲೇ, ಅಲ್ಲಿ ಕ್ರೀಮಿಗೆ ಕುರುಕು ಬೇಡ, ಪರಿಮಳ ಬೇಕು. ಜರ್ಮನಿಯ ಫ್ರಾಂಕ್‌ಫರ್ಟರ್ ಕ್ರಾಂಟ್ಸ್ ಕೇಕ್ ಇದಕ್ಕೆ ತದ್ವಿರುದ್ಧ, ಕಿರೀಟದ ಆಕಾರದ ಕೇಕಿಗೆ ಬಟರ್‌ಕ್ರೀಮ್ ಬಳಿದು ಹೊರಗಡೆಯೆಲ್ಲ ಚಿನ್ನದ ಬಣ್ಣದ ಕ್ರೊಕಾಂಟ್ ಒತ್ತಿರ್ತಾರೆ. ಬಟರ್‌ಕ್ರೀಮ್‌ನಲ್ಲಿ ಕೊಬ್ಬು ಜಾಸ್ತಿ ಇರೋದ್ರಿಂದ ವಿಪ್ಪಿಂಗ್ ಕ್ರೀಮ್ ಮೇಲೆ ಇಟ್ಟಿದ್ದಕ್ಕಿಂತ ಎಷ್ಟೋ ಹೊತ್ತು ಚೂರುಗಳು ಗಟ್ಟಿ ಇರತ್ತೆ, ಆದ್ರೂ ಕೊಡೋ ದಿನ ಬೆಳಿಗ್ಗೆ ಒತ್ತೋದೇ ಸರಿ.

ಇನ್ನೊಂದು ಮಾತು, ಬ್ರಿಟಲ್ ಕರಗೋದು ಯಾವಾಗ್ಲೂ ಕೆಟ್ಟದ್ದಲ್ಲ. ಇಟಲಿಯ ಸೆಮಿಫ್ರೆಡ್ಡೊದಲ್ಲಿ, ಅಂದ್ರೆ ಮೊಟ್ಟೆ ಮತ್ತೆ ಕ್ರೀಮ್ ನೊರೆ ಬರಿಸಿ ಮಷೀನ್ ಇಲ್ಲದೇ ಫ್ರೀಜ್ ಮಾಡೋ ಸಿಹಿಯಲ್ಲಿ, ಪುಡಿಯನ್ನೂ ಚೂರನ್ನೂ ಎರಡನ್ನೂ ಹಾಕಿದ್ರೆ ಪುಡಿ ಕರಗಿ ಕ್ರೀಮಿಗೆಲ್ಲ ಕ್ಯಾರಮೆಲ್ ರುಚಿ ಕೊಡತ್ತೆ, ಚೂರು ಹಲ್ಲಿಗೆ ಸಿಗತ್ತೆ. ಜರಡಿ ಕೆಳಗೆ ಉಳಿದ ಪುಡಿಗೆ ಇದೇ ಜಾಗ. ಐಸ್‌ಕ್ರೀಮ್‌ನಲ್ಲೂ ಹೀಗೇ, ಮೈನಸ್ 18ರಲ್ಲೂ ಅದರೊಳಗಿನ ನೀರೆಲ್ಲ ಹೆಪ್ಪುಗಟ್ಟಿರಲ್ಲ, ಆ ಉಳಿದ ನೀರು ನಿಧಾನಕ್ಕೆ ಸಕ್ಕರೆನ ತಿನ್ನತ್ತೆ, ಹಾಗಾಗಿ ದಿನಗಟ್ಟಲೆ ಇಡೋ ಐಸ್‌ಕ್ರೀಮ್‌ಗೆ ಚಾಕ್ಲೇಟ್ ಹಚ್ಚಿದ ಚೂರೇ ಹಾಕಿ. ನಿಮ್ಮೂರಿನ ಗಡ್‌ಬಡ್‌ಗಾದ್ರೆ ಯಾವ ಲೇಪನೂ ಬೇಡ, ಲೋಟ ತುಂಬಿ ಟೇಬಲ್ಲಿಗೆ ಹೋಗೋ ಕ್ಷಣಕ್ಕೆ ಮೇಲೆ ಉದುರಿಸಿದ್ರೆ ಆಯ್ತು, ಮೊದಲೇ ಜೆಲ್ಲಿ ಹಣ್ಣುಗಳ ಮಧ್ಯೆ ಹಾಕಿಟ್ರೆ ಮಾತ್ರ ಉಳಿಯಲ್ಲ.

ನೆಲಕಡಲೆ ಚಿಕ್ಕಿ ಬಗ್ಗೆ ಕೇಳಿದ್ರಿ. ಚಿಕ್ಕಿ ನಂಗೆ ತುಂಬಾ ಇಷ್ಟ, ಆದ್ರೆ ಈ ಜಾಗಕ್ಕೆ ಅದು ಬೇಡ ಅಂತೀನಿ. ಬೆಲ್ಲದಲ್ಲಿ ಒಡೆದ ಸಕ್ಕರೆ, ಖನಿಜ ಎಲ್ಲ ಮೊದಲೇ ಇರೋದ್ರಿಂದ ಅದು ಬಿಳಿ ಸಕ್ಕರೆಗಿಂತ ಬೇಗ ಬೆವರತ್ತೆ, ಮೂಸ್ ಒಳಗೆ ಇನ್ನೂ ಬೇಗ ಕರಗತ್ತೆ, ನೆಲಕಡಲೆಯ ರುಚಿ ಡಾರ್ಕ್ ಚಾಕ್ಲೇಟನ್ನ ಮುಚ್ಚಿಬಿಡತ್ತೆ ಕೂಡ. ಗೇರುಬೀಜ ಬೇರೆ ವಿಷಯ, ಮಂಗಳೂರಲ್ಲಿ ಗೇರುಬೀಜದ ಫ್ಯಾಕ್ಟರಿಗಳೇ ಇವೆ, ತಾಜಾ ಸಿಗತ್ತೆ, ತುಂಡು ಗೇರುಬೀಜ ತಂದ್ರೆ ರೇಟೂ ಕಮ್ಮಿ. ಅದರಲ್ಲಿ ಎಣ್ಣೆ ಹೇಝಲ್‌ನಟ್‌ಗಿಂತ ಕಮ್ಮಿ, ಪಿಷ್ಟ ಜಾಸ್ತಿ, ಹಾಗಾಗಿ ಬರೀ ಗೇರುಬೀಜದ ಪೇಸ್ಟ್ ದಪ್ಪಗೆ ನಿಲ್ಲತ್ತೆ, ಪರಿಮಳನೂ ಮೆದು. ಹೇಝಲ್‌ನಟ್ 60 ಭಾಗ, ಗೇರುಬೀಜ 40 ಭಾಗ ಹಾಕಿ, ಎರಡನ್ನೂ ಬೇರೆ ಬೇರೆ ಹುರೀರಿ ಯಾಕಂದ್ರೆ ಗೇರುಬೀಜ ಬೇಗ ಕೆಂಪಾಗತ್ತೆ. ಪರಿಮಳ ಹೇಝಲ್‌ನಟ್‌ದೇ ಮೇಲೆ ಬರತ್ತೆ, ಖರ್ಚು ಇಳಿಯತ್ತೆ. ಬರೀ ಗೇರುಬೀಜದಲ್ಲೇ ಮಾಡಿದ್ರೆ ಅದನ್ನ ಗೇರುಬೀಜದ ಬ್ರಿಟಲ್ ಅಂತಲೇ ಹೇಳಿ ಮಾರಿ, ವೈಟ್ ಚಾಕ್ಲೇಟ್ ಜೊತೆ ಅದೂ ಸೊಗಸಾಗೇ ಇರತ್ತೆ.

ಆರ್ಡರ್ ಕೊಡೋವಾಗ ಹೇಝಲ್‌ನಟ್, ಗೇರುಬೀಜ ಎರಡೂ ಇದೆ ಅಂತ ಬಾಕ್ಸ್ ಮೇಲೆ ತಪ್ಪದೆ ಬರೀರಿ, ಎಫ್‌ಎಸ್‌ಎಸ್‌ಎಐ ಲೇಬಲ್ ನಿಯಮದಲ್ಲೂ ಇದು ಇದೆ, ಅಲರ್ಜಿ ಇರೋರಿಗೆ ಪೇಸ್ಟ್ ರೂಪದಲ್ಲಿ ಬೀಜ ಇರೋದು ಕಣ್ಣಿಗೇ ಕಾಣಲ್ಲ. ಒಂದೇ ಮಿಕ್ಸಿ ಜಾರ್‌ನಲ್ಲಿ ಬೇರೆ ಕೇಕಿನ ಸಾಮಾನು ಅರೆಯೋದೂ ಬೇಡ. ಮೇಲಿನ ಅಲಂಕಾರದ ದೊಡ್ಡ ತುಂಡುಗಳನ್ನ ಕೇಕಿಗೆ ಚುಚ್ಚಿ ಕಳಿಸೋ ಬದಲು ಸಣ್ಣ ಡಬ್ಬಿಯಲ್ಲಿ ಬೇರೆ ಕೊಟ್ಟು, ಕೇಕ್ ಫ್ರಿಜ್‌ನಲ್ಲಿಡಿ, ಡಬ್ಬಿ ಹೊರಗಿಡಿ, ಕಟ್ ಮಾಡೋ ಹತ್ತು ನಿಮಿಷ ಮೊದಲು ತೆಗೆದು ಚುಚ್ಚಿ ಅಂತ ಒಂದು ಚೀಟಿ ಹಾಕಿ ಕಳಿಸಿ.